ಮೊದಲು ಭತ್ತದ ಚೀಲ, ಆಮೇಲೆ ಕಾಲು

ಸೂರ್ಯ ಹುಟ್ಟುವುದಕ್ಕೆ ಇನ್ನೂ ಹೊತ್ತಿದೆ. ಬಳಗಾನೂರಿನ ಅಂಚಿನಲ್ಲಿ, ಕಾಲುವೆಗೆ ಬೆನ್ನು ಮಾಡಿ ನಿಂತ ತಗಡಿನ ಮನೆಯ ಮುಂದೆ ಆಗಲೇ ಹದಿನೇಳು ಜನ ಕೂತಿದ್ದಾರೆ. ಕೂತಿದ್ದಾರೆ ಎನ್ನುವುದು ಮರ್ಯಾದೆಯ ಮಾತು. ಒಬ್ಬರು ಗೋಡೆಗೆ ಒರಗಿದ್ದಾರೆ, ಒಬ್ಬರು ಟಂಟಂ ಆಟೋ ಗಾಡಿಯ ಹಿಂದಿನ ಸೀಟಿನಲ್ಲಿ ಅಂಗಾತ ಬಿದ್ದಿದ್ದಾರೆ, ಮತ್ತೊಬ್ಬರು ಕೂರಲೂ ಆಗದೆ ನಿಲ್ಲಲೂ ಆಗದೆ ಬೇವಿನ ಮರವನ್ನು ತಬ್ಬಿಕೊಂಡಿದ್ದಾರೆ. ನವೆಂಬರಿನ ಚಳಿ, ಖಾಲಿ ಹೊಟ್ಟೆ, ಹಿಡಿದುಕೊಂಡ ಸೊಂಟ. ಈ ಮೂರೂ ಒಟ್ಟಿಗೆ ಬಂದಾಗ ಮನುಷ್ಯ ಎಷ್ಟು ಸೌಮ್ಯನಾಗುತ್ತಾನೆ ಎಂಬುದನ್ನು ನೋಡಬೇಕೆಂದರೆ ಗುರುವಾರವೋ ಭಾನುವಾರವೋ ಇಲ್ಲಿಗೆ ಬರಬೇಕು.

ಬಾಗಿಲು ತೆರೆಯುತ್ತದೆ. ಯಮನಮ್ಮ ಹೊರಗೆ ಬರುತ್ತಾರೆ. ವಯಸ್ಸು ಐವತ್ತೈದರ ಆಚೆ ಈಚೆ, ಆಗಷ್ಟೇ ತೊಳೆದ ಕಾಲು, ಸೊಂಟಕ್ಕೆ ಸಿಕ್ಕಿಸಿದ ಸೀರೆಯ ಸೆರಗು. ಎಲ್ಲರ ಕಣ್ಣೂ ಅವರ ಎಡಗಾಲಿನ ಮೇಲೆ. ಅವರ ಕಣ್ಣು ಮಾತ್ರ ಬಂದವರ ಮುಖದ ಮೇಲೆ. ಕೈಯಲ್ಲಿದ್ದ ನೀರಿನ ಚಂಬನ್ನು ಸಾಲಿನ ಮೊದಲಿಗನಿಗೆ ಕೊಟ್ಟು ಹೇಳುತ್ತಾರೆ: "ಒಬ್ಬೊಬ್ರಾಗಿ ಹಿತ್ಲಿಗೆ ಹೋಗಿ ಒಂದಕ್ಕ ಮಾಡಿ ಬರ್ರಿ. ಅದಾದ ಮ್ಯಾಲ ಮುಂದಿನ ಮಾತು."

ಕಾಲು ಮುಂದಾಗಿ ಹುಟ್ಟಿದವರು ಎಡಗಾಲಿನಿಂದ ಮೂರು ಸಲ ಮುಟ್ಟಿದರೆ ಹಿಡಿದ ಸೊಂಟ ಬಿಡುತ್ತದೆ ಎಂಬುದು ಈ ಸೀಮೆಯ ನಂಬಿಕೆ. ಸೂರ್ಯ ಹುಟ್ಟುವುದರೊಳಗೆ ಆಗಬೇಕು, ಬರಿ ಹೊಟ್ಟೆಯಲ್ಲಿ ಆಗಬೇಕು, ಎಲೆ ಅಡಿಕೆ ಬಿಟ್ಟು ಏನನ್ನೂ ತೆಗೆದುಕೊಳ್ಳಬಾರದು. ಯಮನಮ್ಮ ನೆನಪು ಬಂದಾಗಿನಿಂದ ಇದನ್ನು ಮಾಡುತ್ತಿದ್ದಾರೆ. ಉಳಿದ ಐದು ದಿನ ಅವರೂ ಊರಿನ ಹೆಣ್ಣುಮಕ್ಕಳ ಹಾಗೆ ಗದ್ದೆಯಲ್ಲಿ ಬಾಗಿ ಸಸಿ ನೆಡುತ್ತಾರೆ, ಕಳೆ ಕೀಳುತ್ತಾರೆ, ಸಂಜೆ ತಮ್ಮದೇ ಸೊಂಟ ಹಿಡಿದುಕೊಂಡು ಮನೆಗೆ ಬರುತ್ತಾರೆ. ಆ ಸೊಂಟಕ್ಕೆ ಕಾಲು ಹಾಕುವವರು ಯಾರೂ ಇಲ್ಲ ಎಂಬುದು ಓಣಿಯ ಹಳೆಯ ತಮಾಷೆ.

ದಿನಕ್ಕೆ ಇಪ್ಪತ್ತರಿಂದ ಮೂವತ್ತು ಸೊಂಟ. ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ನೆಟ್ಟಗೆ ಇಲ್ಲಿಗೇ ಬರುವವರಿದ್ದಾರೆ. ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಬಂಗಾಳಿ ಹೆಂಗಸರು ಬರುತ್ತಾರೆ. ಅವರ ಕನ್ನಡ ಅರ್ಧ, ನೋವು ಪೂರ್ತಿ. ಲಾರಿ ಡ್ರೈವರುಗಳು, ಹೊಲಿಗೆ ಯಂತ್ರದವರು, ಪಗಾರದ ನೌಕರಿಯ ಮೇಷ್ಟ್ರುಗಳು ಕೂಡ ಬರುತ್ತಾರೆ. ಮೇಷ್ಟ್ರುಗಳು ಮಾತ್ರ ಬೈಕನ್ನು ದೂರ ನಿಲ್ಲಿಸಿ, ಮುಖಕ್ಕೆ ಟವೆಲ್ ಸುತ್ತಿಕೊಂಡು ಬರುತ್ತಾರೆ.

ಆದರೆ ಈ ಅಂಗಳದಲ್ಲಿ ಕಾಲು ಎಲ್ಲಕ್ಕಿಂತ ಕೊನೆಯ ಕೆಲಸ. ಮೊದಲು ಹಿತ್ತಲು. ಆಮೇಲೆ ಕಟ್ಟೆಯ ಪಕ್ಕದ ಗೋಣಿಚೀಲ. ಅದರ ಮೇಲೆ ಒಣಗಿದ ಭತ್ತ ಹರಡಿ, ತೆಳು ಬಟ್ಟೆ ಹೊದಿಸಿರುತ್ತಾರೆ. ಒಂದೇ ಪದರದ ಬಟ್ಟೆಯಲ್ಲಿ ಅದರ ಮೇಲೆ ಕೂತು, ಎಲ್ಲಿ ಚುಚ್ಚುತ್ತದೆ ಎಂದು ಹೇಳಬೇಕು. ಆಮೇಲೆ ನೆಲದ ಮೇಲೆ ಎಳೆದ ಬೂದಿಯ ಗೆರೆಯ ಗುಂಟ ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ, ತುದಿಗಾಲಿನ ಮೇಲೆ ಹತ್ತು ಹೆಜ್ಜೆ. ನಡುನಡುವೆ ಪ್ರಶ್ನೆಗಳು. ಸಂಜೆಗೆ ಜ್ವರ ಬರುತ್ತದೆಯೇ? ಮಲಗಿದರೆ ನೋವು ಕಡಿಮೆಯಾಗುತ್ತದೆಯೋ ಹೆಚ್ಚಾಗುತ್ತದೆಯೋ? ಎಲ್ಲಿಂದಾದರೂ ಬಿದ್ದದ್ದುಂಟೇ? ಮೈ ಇಳಿದು ಲುಂಗಿಯ ಗಂಟು ಮೊದಲಿಗಿಂತ ಒಳಗೆ ಬಂದಿದೆಯೇ?

ಈ ಪ್ರಶ್ನೆಗಳನ್ನು ಕೇಳುವವರು ಯಮನಮ್ಮ ಅಲ್ಲ. ಕಟ್ಟೆಯ ಮೇಲೆ ಕೋಲು ಮತ್ತು ಒಂದು ಬಟ್ಟೆಯ ಚೀಲ ಇಟ್ಟುಕೊಂಡು ಕೂತಿರುವ ಸೂಗಮ್ಮ. ಅವರ ವಿಷಯಕ್ಕೆ ಬರೋಣ, ಆದರೆ ಬರುವ ಮೊದಲು ಒಂದು ಮಾತು ಹೇಳಿಬಿಡಬೇಕು. ಬಂದ ಜನ ಇದನ್ನೆಲ್ಲ ಪರೀಕ್ಷೆ ಎಂದುಕೊಂಡಿಲ್ಲ, ಶಾಸ್ತ್ರ ಎಂದುಕೊಂಡಿದ್ದಾರೆ. ಮಸ್ಕಿಯ ಒಬ್ಬ ಕಿರಾಣಿ ವ್ಯಾಪಾರಿ ತನ್ನ ಅಂಗಡಿಯ ಕುರ್ಚಿಯ ಮೇಲೆಯೇ ಭತ್ತ ಸುರಿದುಕೊಂಡು ದಿನಾ ಅರ್ಧ ಗಂಟೆ ಕೂರುತ್ತಾನೆ. ಭಾಳ ಆರಾಮ ಆಗಿದೆ ಎಂದು ಬಂದವರಿಗೆಲ್ಲ ಹೇಳುತ್ತಾನೆ. ಲಿಂಗಸುಗೂರು ಕಡೆ ಒಂದು ಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಬೆಳಗಾಗೆದ್ದು ಹಿಮ್ಮಡಿಯ ಮೇಲೆ ನಡೆಯುತ್ತಾರಂತೆ. ಇದನ್ನೆಲ್ಲ ಕೇಳಿ ಯಮನಮ್ಮ ಹಣೆ ಚಚ್ಚಿಕೊಳ್ಳುತ್ತಾರೆ.

"ಖರೇ ಹೇಳ್ಬೇಕಂದ್ರ ಯಾವುದು ಔಷಧ, ಯಾವುದು ಬರೇ ಕೇಳೋದು ಅಂತ ನನಗಾ ಸುದ್ದಾ ಕಲಸುಮೇಲೋಗರ ಆಗೇತ್ರೀ" ಎನ್ನುತ್ತಾರೆ. "ಎರಡನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ ನಾ. ಮಂದಿ ನನಗ ಡಾಕ್ಟ್ರು ಅಂದ್ರ ನನಗ ಹೆದ್ರಿಕಿ ಆಗ್ತೈತಿ."

ಹನ್ನೊಂದು ವರ್ಷದ ಹಿಂದೆ ಹೀಗೆ ಕೇಳುವುದು ಇರಲಿಲ್ಲ. ಬಂದವರನ್ನು ಬೋರಲು ಮಲಗಿಸುವುದು, ಮೂರು ಸಲ ಕಾಲು ಹಾಕುವುದು, ಕಳಿಸುವುದು. ಆಗಸ್ಟಿನ ನಾಟಿಯ ಕಾಲ. ಸೂಗಮ್ಮ ಮತ್ತು ಯಮನಮ್ಮ ಒಂದೇ ಗುಂಪಿನಲ್ಲಿ, ಅಕ್ಕಪಕ್ಕದ ಸಾಲಿನಲ್ಲಿ ಬಾಗಿ ಸಸಿ ನೆಡುತ್ತಿದ್ದವರು. ಒಂದು ದಿನ ಸೂಗಮ್ಮನವರ ಸೊಂಟ ಹಿಡಿಯಿತು. ಗೆಳತಿಯ ಕಾಲು ಪಕ್ಕದಲ್ಲೇ ಇರುವಾಗ ದವಾಖಾನೆಗೆ ಯಾರು ಹೋಗುತ್ತಾರೆ? ಮೊದಲ ಗುರುವಾರ ಕಾಲು ಬಿತ್ತು. ನೋವು ಸೊಂಟದಿಂದ ಎರಡೂ ಕಾಲಿಗೆ ಇಳಿಯಿತು. ಎರಡನೆಯ ಗುರುವಾರ ಸೂಗಮ್ಮ ಒಂದು ಮಾತು ಹೇಳಿದರು. ಆ ಮಾತು ಯಮನಮ್ಮನವರಿಗೆ ಇವತ್ತಿಗೂ ಅಕ್ಷರ ಬಿಡದೆ ನೆನಪಿದೆ.

"'ಕುಂತ್ರ ಕುಂತಂಗ ಅನಿಸವಲ್ದು ಯಮನವ್ವಾ, ಅಡಿಯಾಗ ಎಲ್ಲಾ ಮರಗಟ್ಟೇತಿ' ಅಂದ್ಳ್ರೀ. ನಾ ಏನಂದ್ನಿ? 'ದಿನಾ ಕೆಸರಾಗ ನಿಂತು ಥಂಡಿ ಏರೈತಿ, ಮುಂದಿನ ಬೇಸ್ತವಾರ ಬಾ, ಇನ್ನೊಮ್ಮಿ ಕಾಲು ಹಾಕ್ತೀನಿ' ಅಂದ್ನಿ. ಆಕಿ ಹೂಂ ಅಂದು ಹೋದ್ಳು. ನನ್ನ ಮ್ಯಾಲ ಅಷ್ಟು ಭರೋಸಾ."

ಮೂರನೆಯ ಗುರುವಾರ ಬರುವಷ್ಟರಲ್ಲಿ ಸೂಗಮ್ಮನವರ ಮೂತ್ರ ನಿಂತಿತ್ತು. ಬೆನ್ನುಮೂಳೆಗಳ ನಡುವಿನ ಮೆತ್ತೆ ಹೊರಜಾರಿ, ಕೆಳಗಿನ ನರಗಳ ಗೊಂಚಲನ್ನು ಒತ್ತಿ ಹಿಡಿದಿತ್ತು. ಕಾಲಿಗೆ ಬಲ ಕೊಡುವ ನರಗಳೂ ಅವೇ, ಮಲಮೂತ್ರದ ಹತೋಟಿಯ ನರಗಳೂ ಅವೇ. ಕೂರುವ ಜಾಗ ಮರಗಟ್ಟುವುದು, ಮೂತ್ರ ಕಟ್ಟುವುದು ಅದರ ಕೂಗು. ಆ ಕೂಗು ಕೇಳಿದ ದಿನವೇ ಆಸ್ಪತ್ರೆ ಸೇರಿದರೆ, ಒಂದೆರಡು ದಿನದೊಳಗೆ ಆಪರೇಷನ್ ಆದರೆ, ಉಳಿಯುವುದು ಹೆಚ್ಚು. ಸೂಗಮ್ಮನವರಿಗೆ ಬಳ್ಳಾರಿಯಲ್ಲಿ ಆಪರೇಷನ್ ಆಗುವ ಹೊತ್ತಿಗೆ ಐದು ದಿನ ಕಳೆದಿತ್ತು. ಬಲಗಾಲು ಬಂತು. ಎಡಗಾಲು ಎಳೆಯುತ್ತದೆ. ಮೂತ್ರ ಮಾತ್ರ ತಾನಾಗಿ ಬರುವುದಿಲ್ಲ. ದಿನಕ್ಕೆ ನಾಲ್ಕು ಸಲ ತಾವೇ ಸಣ್ಣ ನಳಿಗೆ ಹಾಕಿಕೊಂಡು ತೆಗೆಯಬೇಕು. ಕಟ್ಟೆಯ ಮೇಲಿನ ಆ ಬಟ್ಟೆಯ ಚೀಲದಲ್ಲಿ ಇರುವುದು ಅದೇ.

ಎರಡು ವರ್ಷ ಸೂಗಮ್ಮ ಈ ಮನೆಯತ್ತ ಮುಖ ಹಾಕಲಿಲ್ಲ. ಯಮನಮ್ಮನೂ ಅವರ ಓಣಿ ಹಾಯಲಿಲ್ಲ. ಗುರುವಾರದ ಜನ ಮಾತ್ರ ಬರುತ್ತಲೇ ಇದ್ದರು, ಕಾಲು ಬೀಳುತ್ತಲೇ ಇತ್ತು. ಒಂದು ಬೆಳಗ್ಗೆ ಕೋಲು ಊರುತ್ತ ಸೂಗಮ್ಮ ಬಂದರು. ಯಾರನ್ನೂ ಮಾತಾಡಿಸದೆ ಕಟ್ಟೆ ಏರಿ ಕೂತರು. ಯಮನಮ್ಮ ಒಬ್ಬನ ಬೆನ್ನ ಮೇಲೆ ಕಾಲೆತ್ತಿದ್ದರು. ಸೂಗಮ್ಮ ಕೋಲನ್ನು ಅಡ್ಡ ಹಿಡಿದು, ಕೆಳಗೆ ಮಲಗಿದ್ದವನನ್ನು ಕೇಳಿದರು: "ಒಂದಕ್ಕ ಸರಾಗ ಆಗ್ತೈತೇನೋ ತಮ್ಮಾ?"

ಅವತ್ತು ಕೇಳಿದ ಪ್ರಶ್ನೆ ಇವತ್ತಿಗೂ ನಿಂತಿಲ್ಲ. ಇಬ್ಬರ ನಡುವೆ ಬೈಗುಳವಾಗಲಿ ಕ್ಷಮೆಯಾಗಲಿ ಯಾವುದೂ ಆಗಲಿಲ್ಲ. ಸೂಗಮ್ಮ ತಮ್ಮನ್ನು ಮನ್ನಿಸಿ ಬಂದರೋ, ಕಾವಲು ಕೂರಲು ಬಂದರೋ ಎಂಬುದು ಯಮನಮ್ಮನವರಿಗೆ ಒಂಬತ್ತು ವರ್ಷವಾದರೂ ತಿಳಿದಿಲ್ಲ. ಕೇಳುವ ಧೈರ್ಯವೂ ಆಗಿಲ್ಲ.

ಭತ್ತದ ಚೀಲದ ಉಪಾಯ ಇಬ್ಬರಿಗೂ ಅಕಸ್ಮಾತ್ತಾಗಿ ಸಿಕ್ಕದ್ದು. ಅಂಗಳದಲ್ಲಿ ಬಿಸಿಲಿಗೆ ಹಾಕಿದ್ದ ಭತ್ತದ ಮೇಲೆ ಸೂಗಮ್ಮ ಗೊತ್ತಿಲ್ಲದೆ ಕೂತುಬಿಟ್ಟಿದ್ದರು. "ಏಳು ಬೇ, ಚುಚ್ಚುತ್ತ" ಎಂದರು ಯಮನಮ್ಮ. "ನನಗೇನೂ ಚುಚ್ಚವಲ್ದಲ್ಲ" ಎಂದರು ಸೂಗಮ್ಮ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಗುರುವಾರದಿಂದ ಚೀಲ ಬಂತು.

ಸೂಗಮ್ಮನವರಿಗೆ ಕಾಲಿನ ವ್ಯಾಯಾಮ ಹೇಳಿಕೊಡುವ ಲಿಂಗಸುಗೂರಿನ ಫಿಸಿಯೋಥೆರಪಿಸ್ಟ್ ದೀಪಾ ಈ ಚೀಲದ ಕಥೆ ಕೇಳಿ ಮೊದಲು ನಕ್ಕರು, ಆಮೇಲೆ ಒಂದು ಭಾನುವಾರ ಬಸ್ ಹಿಡಿದು ನೋಡಲು ಬಂದರು. ಹಿಮ್ಮಡಿಯ ನಡಿಗೆ, ಜ್ವರದ ಪ್ರಶ್ನೆ, ಲುಂಗಿಯ ಗಂಟಿನ ಪ್ರಶ್ನೆ ಎಲ್ಲ ಅವರು ಸೇರಿಸಿದ್ದು. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟರು. "ಚೀಲ ಚುಚ್ಚಿತು ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತ ತಿಳಿಯಬೇಡಿ. ಚುಚ್ಚಲಿಲ್ಲ ಅಂದರೆ ಮಾತ್ರ ಒಂದು ಗಳಿಗೆಯೂ ಕಾಯಬೇಡಿ" ಎಂದು ಅವರು ಹೇಳಿದ್ದನ್ನು ಸೂಗಮ್ಮ ಪಾಠದ ಹಾಗೆ ಒಪ್ಪಿಸುತ್ತಾರೆ. ಕಾಲನ್ನು ಹೂ ಇಟ್ಟ ಹಾಗೆ ಇಡಬೇಕು, ಒತ್ತಕೂಡದು, ಒದೆಯಕೂಡದು ಎಂಬುದೂ ಅವರದೇ ಕಟ್ಟುನಿಟ್ಟು.

ದೀಪಾ ಇನ್ನೊಂದು ಮಾತೂ ಹೇಳಿದ್ದಾರೆ. ಅದು ಯಮನಮ್ಮನವರ ನೆಮ್ಮದಿ ಕೆಡಿಸಿದ ಮಾತು. ಸೊಂಟ ಹಿಡಿದ ಬಹಳಷ್ಟು ಮಂದಿಗೆ ಕೆಲವೇ ವಾರಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಹಾಸಿಗೆ ಹಿಡಿಯದೆ ಅಷ್ಟಿಷ್ಟು ಓಡಾಡುತ್ತಿದ್ದರೆ ಸಾಕು, ಎಲ್ಲರಿಗೂ ಸ್ಕ್ಯಾನ್ ಬೇಕಿಲ್ಲ, ಸೂಜಿಯೂ ಬೇಕಿಲ್ಲ. ಹಾಗಾದರೆ ಕಾಲು ಮಾಡುವುದೇನು ಎಂದು ಯಮನಮ್ಮ ಕೇಳಿದರು. ದೀಪಾ, "ನೀವು ನಿಲ್ಲಿಸಿದರೆ ಜನ ಇನ್ನೊಂದು ಕಾಲು ಹುಡುಕಿಕೊಂಡು ಹೋಗುತ್ತಾರೆ. ಅಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ" ಎಂದರು. ಅದು ಉತ್ತರವೇ ಅಲ್ಲ ಎಂಬುದು ಯಮನಮ್ಮನವರಿಗೂ ಗೊತ್ತು, ದೀಪಾಗೂ ಗೊತ್ತು.

ಗೊಂದಲ ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಏಳು ವರ್ಷದ ಹಿಂದೆ ಯಮನಮ್ಮನವರ ತಾಯಿ ಕೊನೆಯ ಜ್ವರದಲ್ಲಿ ಮಲಗಿದ್ದಾಗ ಮಗಳ ಕೈ ಹಿಡಿದು, "ಕಾಲು ಮುಂದಾಗಿ ಬಂದಾಕಿ ನೀ ಅಲ್ಲ, ನಿಮ್ಮಕ್ಕ ದುರ್ಗವ್ವ" ಎಂದುಬಿಟ್ಟರು. ದುರ್ಗವ್ವ ಮೂರು ವರ್ಷದ ಕೂಸಾಗಿದ್ದಾಗ ತೀರಿಹೋದವಳು. ಆಗಲೇ ಅವಳ ಪುಟ್ಟ ಕಾಲಿಗಾಗಿ ಜನ ಬರುತ್ತಿದ್ದರು. ಅವಳು ಹೋದ ಮೇಲೂ ಬರುವುದು ನಿಲ್ಲಲಿಲ್ಲ. ತೊಟ್ಟಿಲಲ್ಲಿದ್ದ ಎರಡನೆಯ ಮಗುವಿನ ಕಾಲನ್ನೇ ಮುಂದೆ ಮಾಡಿದರೇ? ಅಥವಾ ಅದು ಬರೀ ಜ್ವರದ ಮಾತೇ? ತಾಯಿ ಮರುದಿನ ಏನನ್ನೂ ಹೇಳದೆ ಕಣ್ಣು ಮುಚ್ಚಿದರು.

ಆ ಎರಡೂ ಹೆರಿಗೆ ಮಾಡಿಸಿದ ಖಾತೂನ್‌ಬೀ ಇನ್ನೂ ಇದ್ದಾರೆ, ತೊಂಬತ್ತರ ಹತ್ತಿರ. ಯಮನಮ್ಮ ಅವರ ಬಳಿ ಹೋಗಿ ಕೇಳಿದರು. ಒಂದು ಸಲ "ನಿಂದಾ ಕಾಲು, ಕಸಂ" ಎಂದರು. ಮುಂದಿನ ಸಲ "ಇಲ್ಲ ಬೇಟಿ, ಅದು ದುರ್ಗೀದು" ಎಂದರು. ಮೂರನೆಯ ಸಲ ಕೇಳಿದಾಗ ಮುದುಕಿಗೆ ಸಿಟ್ಟೇ ಬಂತು: "ಈ ಕೈಯಾಗ ಎಷ್ಟ ಕೂಸು ತೆಗದೀನಿ ಅನ್ನೋದು ಅಲ್ಲಾಗ ಗೊತ್ತು. ಯಾವ ಕೂಸಿಂದು ಕಾಲು ಮೊದ್ಲ ಬಂತು, ಯಾವ ಕೂಸಿಂದು ತೆಲಿ ಮೊದ್ಲ ಬಂತು, ನನಗರ ಏನು ನೆನಪಿರ್ತೈತಿ? ಮಂದಿಗೆ ಆರಾಮ ಆಗ್ತೈತಿಲ್ಲೋ? ಹೋಗು, ಚಾ ಕುಡದು ಹೋಗು."

"ಕಾಲು ನಂದಲ್ಲ, ಆರಾಮ ತಾನಾ ಆಗ್ತೈತಿ ಅಂದ್ರ ಇಷ್ಟು ವರ್ಷ ನಾ ಏನು ಮಾಡಿದ್ನಿರೀ?" ಎಂದು ಯಮನಮ್ಮ ಕೇಳುತ್ತಾರೆ. ಕೇಳಿ ಉತ್ತರಕ್ಕೆ ಕಾಯುತ್ತಾರೆ ಕೂಡ.

ಲೆಕ್ಕ ನೋಡಿದರೂ ಗೊಂದಲ ಬಗೆಹರಿಯುವುದಿಲ್ಲ. ಕಾಲು ಹಾಕದೆ ದವಾಖಾನೆಗೆ ಅಟ್ಟಿದ ಒಬ್ಬೊಬ್ಬರಿಗೂ ಸೂಗಮ್ಮ ಒಂದೊಂದು ಹುಣಸೆ ಬೀಜವನ್ನು ಡಬ್ಬಿಗೆ ಹಾಕುತ್ತಾರೆ. ಒಂಬತ್ತು ವರ್ಷಕ್ಕೆ ಐವತ್ತೊಂದು ಬೀಜ. ಅದರಲ್ಲಿ ಹತ್ತೊಂಬತ್ತು ಜನರಿಗೆ ಗಂಭೀರವಾದದ್ದು ಸಿಕ್ಕಿತು. ಬೆನ್ನುಮೂಳೆಯ ಕ್ಷಯ, ಬಿದ್ದು ಬಿರುಕು ಬಿಟ್ಟ ಮೂಳೆ, ಒತ್ತಿಹೋದ ನರ, ಇಬ್ಬರಿಗೆ ಗಡ್ಡೆ. ಉಳಿದವರಿಗೆ ಏನೂ ಇರಲಿಲ್ಲ, ಇಲ್ಲವೇ ಸುದ್ದಿ ಬರಲಿಲ್ಲ. ಏನೂ ಇಲ್ಲದ ಒಬ್ಬ ಅಜ್ಜಿಯ ಮನೆಯವರು ರಾಯಚೂರಿನ ತನಕ ಅಲೆದು ಬಂದು, ಅಂಗಳದಲ್ಲಿ ನಿಂತು ಬಾಯಿಗೆ ಬಂದಂತೆ ಬೈದು ಹೋದರು. ಇನ್ನೊಂದು ಕಡೆ, ಎಲ್ಲ ಪರೀಕ್ಷೆಯಲ್ಲೂ ಪಾಸಾಗಿ, ಕಾಲನ್ನೂ ಹಾಕಿಸಿಕೊಂಡು ಹೋದ ಒಬ್ಬನಿಗೆ ಎರಡು ತಿಂಗಳ ನಂತರ ಕ್ಷಯ ಎಂದು ತಿಳಿಯಿತು. ಸಂಜೆಯ ಜ್ವರವನ್ನು ಅವನು ದಣಿವು ಎಂದುಕೊಂಡಿದ್ದ. ಔಷಧಿ ತಗೊಂಡು ಈಗ ಗುಣವಾಗಿದ್ದಾನೆ. ಆದರೂ ಅವನ ಹೆಸರು ಬಂದರೆ ಯಮನಮ್ಮ ಉಣ್ಣುವ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಾರೆ.

ಇಷ್ಟು ಹೇಳುವಷ್ಟರಲ್ಲಿ ಹದಿಮೂರು ಜನರ ಸರದಿ ಮುಗಿದಿದೆ. ಬೇವಿನ ಮರ ತಬ್ಬಿಕೊಂಡಿದ್ದವನು ಮರ ಬಿಟ್ಟು ಮುಂದೆ ಬರುತ್ತಾನೆ. ಹೆಸರು ತಾಯಪ್ಪ. ಊರು ಮಸ್ಕಿ. ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ, ನಲವತ್ತು ದಾಟಿಲ್ಲ. ಜೊತೆಗೆ ಹೆಂಡತಿ ಅಮರೇಶ್ವರಿ. ಸೊಂಟ ಹಿಡಿದು ಇಪ್ಪತ್ತು ದಿನ, ನೋವು ಎರಡೂ ಕಾಲಿಗೆ ಇಳಿದು ಒಂದು ವಾರ. ಸುಗ್ಗಿಯ ಭತ್ತ ಬಂದು ಬೀಳುತ್ತಿರುವ ಕಾಲ, ಸೋಮವಾರ ಚೀಲಕ್ಕೆ ಹೆಗಲು ಕೊಡದಿದ್ದರೆ ಗುಂಪಿನಲ್ಲಿ ಅವನ ಜಾಗಕ್ಕೆ ಬೇರೊಬ್ಬ ಬರುತ್ತಾನೆ.

ಚಂಬು ಹಿಡಿದು ತಾಯಪ್ಪ ಹಿತ್ತಲಿಗೆ ಹೋಗುತ್ತಾನೆ, ಬೇಗನೆ ಬರುತ್ತಾನೆ. ಚಂಬು ಖಾಲಿ. "ಆತು ಬೇ ಯವ್ವಾ, ಭೇಷ್ ಆತು." ಕೇಳದಿದ್ದರೂ ಹೇಳುತ್ತಾನೆ. ಸೂಗಮ್ಮ ಅವನ ಮುಖವನ್ನು ಒಮ್ಮೆ ನೋಡಿ, ಚೀಲದ ಕಡೆ ಕೈ ತೋರಿಸುತ್ತಾರೆ. ಅವನು ಇನ್ನೂ ಪೂರ್ತಿ ಕೂತೂ ಇಲ್ಲ, "ಚುಚ್ಚುತ್ತ, ಚುಚ್ಚುತ್ತ" ಎನ್ನುತ್ತಾನೆ.

"ಎಡಕ್ಕೋ ಬಲಕ್ಕೋ?" ಸೂಗಮ್ಮ ಕೇಳುತ್ತಾರೆ.

"ಎರಡೂ ಕಡಿ, ಬರೋಬ್ಬರಿ ಚುಚ್ಚಾಕತ್ತೈತಿ."

ಸೂಗಮ್ಮ ಕೋಲಿನ ತುದಿಯಿಂದ ಚೀಲದ ಬಲಭಾಗದ ಬಟ್ಟೆಯನ್ನು ಮೆಲ್ಲಗೆ ಸರಿಸುತ್ತಾರೆ. ಅಲ್ಲಿ ಭತ್ತವೇ ಇಲ್ಲ. ಮಡಚಿಟ್ಟ ಹಳೆಯ ಕೌದಿ ಇದೆ. ಸುಳ್ಳು ಹೇಳುವವರಿಗಾಗಿ ಸೂಗಮ್ಮ ಆಗಾಗ ಮಾಡುವ ಏರ್ಪಾಡು ಇದು. ಅಮರೇಶ್ವರಿ ಗಂಡನ ಮುಖ ನೋಡುತ್ತಾಳೆ, ಹಿತ್ತಲ ಕಡೆ ನೋಡುತ್ತಾಳೆ, ಅವಳಿಗೆ ಅರ್ಥವಾಗುತ್ತದೆ.

"ಒಂದಕ್ಕ ಆಗೇತೋ, ಚಂಬಿನ ನೀರು ಚೆಲ್ಲಿ ಬಂದಿಯೋ?"

ತಾಯಪ್ಪ ತಲೆ ತಗ್ಗಿಸುತ್ತಾನೆ. ನಿನ್ನೆ ಮಧ್ಯಾಹ್ನದಿಂದ ಆಗಿಲ್ಲ. ಬಳಗಾನೂರಿನ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಯಾರೋ ಬುದ್ಧಿ ಹೇಳಿಕೊಟ್ಟಿದ್ದಾರೆ. ಹಿತ್ತಲಿನಲ್ಲಿ ನೀರು ಚೆಲ್ಲಿ ಬಾ, ಚೀಲದ ಮೇಲೆ ಚುಚ್ಚುತ್ತ ಅನ್ನು, ಇಲ್ಲಾಂದರೆ ಅವಳು ಕಾಲು ಹಾಕುವುದಿಲ್ಲ. ಮನುಷ್ಯನನ್ನು ಉಳಿಸಲೆಂದು ಇಟ್ಟ ಪರೀಕ್ಷೆಯಲ್ಲಿ ಕಾಪಿ ಹೊಡೆದು ಪಾಸಾಗಲು ಬಂದಿದ್ದಾನೆ ಪುಣ್ಯಾತ್ಮ! ಅವನ ಮೇಲೆ ಸಿಟ್ಟು ಬರುತ್ತದೆ, ಅದರ ಬೆನ್ನಿಗೇ ಅಯ್ಯೋ ಅನಿಸುತ್ತದೆ.

"ದವಾಖಾನಿಗೆ ನಡಿ ತಮ್ಮಾ. ಈಗಿಂದೀಗ" ಎನ್ನುತ್ತಾರೆ ಯಮನಮ್ಮ.

"ಹೋಗ್ತೀನಿ ಬೇ. ಮೊದ್ಲ ಕಾಲು ಹಾಕು. ಒಂದಾ ಒಂದು ಸಲ."

"ಇಲ್ಲ."

"ಹಂಗಾರ ನಿನ್ನ ಕಾಲಾಗ ಏನೂ ಇಲ್ಲಂತ ಹೇಳಿಬಿಡು! ಲಿಂಗಸೂರು ರಸ್ತೆಕ ಇನ್ನೊಬ್ಬ ಅದಾನ. ಅಂವ ಏನೂ ಕೇಳಂಗಿಲ್ಲ, ಕಾಲು ಹಾಕ್ತಾನ. ಅಲ್ಲಿಗೆ ಹೋಗ್ತೀನಿ."

ಯಮನಮ್ಮನವರ ಮುಖದಲ್ಲಿ ಏನು ಓಡುತ್ತಿದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಮುಟ್ಟಿದರೆ ತಪ್ಪೇನು? ಹೂ ಇಟ್ಟ ಹಾಗೆ ಮುಟ್ಟಿದರೆ ನರಕ್ಕೇನೂ ಆಗುವುದಿಲ್ಲ. ಆದರೆ ಮುಟ್ಟಿಸಿಕೊಂಡವನು ಹಗುರಾಯಿತು ಎಂದುಕೊಂಡು ನೆಟ್ಟಗೆ ಗಿರಣಿಗೆ ಹೋಗುತ್ತಾನೆ. ಮುಟ್ಟದಿದ್ದರೆ ಇನ್ನೊಬ್ಬನ ಕಾಲಿನಡಿಗೆ ಹೋಗುತ್ತಾನೆ. ತನ್ನ ಕಾಲಿನಲ್ಲಿ ಏನೂ ಇಲ್ಲ ಎಂದು ಹೇಳೋಣವೆಂದರೆ ಅದು ನಿಜವೋ ಸುಳ್ಳೋ ಅವರಿಗೇ ಗೊತ್ತಿಲ್ಲ. ಅವರು ಸೂಗಮ್ಮನವರ ಕಡೆ ನೋಡುತ್ತಾರೆ. ಸೂಗಮ್ಮ ಬಟ್ಟೆಯ ಚೀಲವನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ.

"ಕೇಳಿಲ್ಲಿ" ಎನ್ನುತ್ತಾರೆ ಯಮನಮ್ಮ. "ಮೊದ್ಲ ದವಾಖಾನಿ. ಅಲ್ಲಿಂದ ಬಂದ ಮ್ಯಾಲ ನಿನಗ ಕಾಲು ಹಾಕ್ತೀನಿ. ಆಣಿ ಮಾಡಿ ಹೇಳ್ತೀನಿ."

"ನಿನ್ನ ಕಾಲು ಇಲ್ಲಿ ಬಿಟ್ಟು ನಾ ಗಾಡಿ ಹತ್ತಂಗಿಲ್ಲ."

"ಹತ್ತಬ್ಯಾಡ. ಕಾಲೂ ಬರ್ತೈತಿ." ಹಾಗೆಂದು ಯಮನಮ್ಮ ಸೀದಾ ಹೋಗಿ ಟಂಟಂ ಗಾಡಿಯಲ್ಲಿ ಕೂತುಬಿಡುತ್ತಾರೆ. ಇನ್ನೂ ಮೂರು ಜನರ ಸರದಿ ಬಾಕಿ ಇದೆ, ಪೂರ್ವದಲ್ಲಿ ಕೆಂಪು ಏರುತ್ತಿದೆ. ಗುರುವಾರದ ಬೆಳಗ್ಗೆ ಅವರು ಅಂಗಳ ಬಿಟ್ಟದ್ದು ಇದೇ ಮೊದಲು. ಅಮರೇಶ್ವರಿ ಗಂಡನ ತೋಳು ಹಿಡಿದು ಹತ್ತಿಸುತ್ತಾಳೆ. ಅವನು ಬೇರೆ ದಾರಿ ಕಾಣದೆ ಹತ್ತುತ್ತಾನೆ. ಸಿಂಧನೂರಿನ ತನಕ ತಾಯಪ್ಪ ಆಗಾಗ ಯಮನಮ್ಮನವರ ಕಾಲಿನ ಕಡೆ ನೋಡುತ್ತಾನೆ.

ಆಸ್ಪತ್ರೆಯಲ್ಲಿ ನಳಿಗೆ ಹಾಕಿದ ಕೂಡಲೇ ಒಂದು ಲೀಟರಿನ ಹತ್ತಿರ ಮೂತ್ರ ಬರುತ್ತದೆ. ಇಷ್ಟು ಹೊತ್ತು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನೋವು ಗೊತ್ತಾಗಲಿಲ್ಲವೇ ಎಂದು ವೈದ್ಯರು ಕೇಳುತ್ತಾರೆ. ಗೊತ್ತಾಗಲಿಲ್ಲ. ಗೊತ್ತಾಗದಿರುವುದೇ ರೋಗ. ಸ್ಕ್ಯಾನಿಗೂ ಆಪರೇಷನ್ನಿಗೂ ರಾಯಚೂರಿಗೆ ಆಂಬುಲೆನ್ಸಿನಲ್ಲಿ ಕಳಿಸುತ್ತಾರೆ. ನಿಮಗೆ ಹೇಗೆ ತಿಳಿಯಿತು ಎಂದು ವೈದ್ಯರು ಕೇಳಿದಾಗ ಯಮನಮ್ಮ ತಬ್ಬಿಬ್ಬಾಗಿ, "ಭತ್ತ ಚುಚ್ಚಲಿಲ್ರೀ" ಎನ್ನುತ್ತಾರೆ. ವೈದ್ಯರಿಗೆ ಇದರ ತಲೆಬುಡ ತಿಳಿಯುವಷ್ಟರಲ್ಲಿ ಅವರು ಬಸ್ ಸ್ಟ್ಯಾಂಡಿಗೆ ನಡೆದಿರುತ್ತಾರೆ. ಮರುದಿನ ಬೆಳಗ್ಗೆ ಅಮರೇಶ್ವರಿಯ ಫೋನು ಬರುತ್ತದೆ. ಆಪರೇಷನ್ ಆಗಿದೆ. ಕಾಲು ಬರುತ್ತದಂತೆ, ಮೂತ್ರದ ಮಾತು ಕಾದು ನೋಡಬೇಕಂತೆ.

ಕಾದು ನೋಡುವುದೆಂದರೆ ಏನೆಂದು ಆ ಅಂಗಳದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಸೂಗಮ್ಮನವರಿಗೆ. ಆ ದಿನ ಅವರು ಡಬ್ಬಿಗೆ ಐವತ್ತೆರಡನೆಯ ಬೀಜ ಹಾಕಲಿಲ್ಲ. ಹೊರಗೇ ಇಟ್ಟರು.

ಈಗ ಫೆಬ್ರವರಿ. ಮತ್ತೆ ಗುರುವಾರ, ಮತ್ತೆ ಸೂರ್ಯ ಹುಟ್ಟುವ ಮೊದಲು. ಸಾಲಿನಲ್ಲಿ ಹನ್ನೊಂದನೆಯವನು ತಾಯಪ್ಪ. ಸ್ವಲ್ಪ ಇಳಿದಿದ್ದಾನೆ, ನಡಿಗೆ ನೆಟ್ಟಗಿದೆ. ಚೀಲ ಹೊರುವಂತಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಗಿರಣಿಯಲ್ಲಿ ಚೀಲದ ಬಾಯಿ ಹೊಲಿಯುವ ಕೆಲಸ ಸಿಕ್ಕಿದೆ, ಹೆಗಲಿಗೆ ಹೆಸರಾದವನಿಗೆ ಅದು ಸ್ವಲ್ಪ ನಾಚಿಕೆಯ ವಿಷಯ. ಆಣೆಯ ಕಾಲು ಬಾಕಿ ಇದೆಯಲ್ಲ, ಅದಕ್ಕೆ ಬಂದಿದ್ದಾನೆ.

"ಇವತ್ತ ನಿನಗ ಹಿತ್ಲು ಬ್ಯಾಡ, ಚೀಲ ಬ್ಯಾಡ. ಡಾಕ್ಟ್ರು ನೋಡ್ಯಾರ. ಸೀದಾ ಮಲಕ್ಕೋ, ಮ್ಯಾಲ ಮ್ಯಾಲ ಮುಟ್ಟತೀನಿ" ಎನ್ನುತ್ತಾರೆ ಯಮನಮ್ಮ.

"ಇಲ್ಲ ಬೇ ಯವ್ವಾ. ಎಲ್ಲಾರಿಗೆ ಹೆಂಗೋ ನನಗೂ ಹಂಗ." ಅವನು ತಾನೇ ಚಂಬು ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಾನೆ.

ಹೊತ್ತಾಗುತ್ತದೆ. ಬೇಲಿಯ ಆಚೆ ಕಾಲುವೆಯ ನೀರಿನ ಸದ್ದು ಬಿಟ್ಟರೆ ಏನೂ ಕೇಳುವುದಿಲ್ಲ. ಹನ್ನೆರಡನೆಯವನು ಗೊಣಗುತ್ತಾನೆ. ಯಮನಮ್ಮ ಬಾಗಿಲ ಬಳಿ ನಿಂತಲ್ಲೇ ನಿಂತಿದ್ದಾರೆ. ಸೂಗಮ್ಮನವರ ಕೈ ಕೋಲಿನ ಮೇಲೆ ಬಿಗಿಯಾಗಿದೆ.

ತಾಯಪ್ಪ ಬರುತ್ತಾನೆ. ಚಂಬನ್ನು ಎರಡೂ ಕೈಯಲ್ಲಿ ಹಿಡಿದು ಬಂದು ಸೂಗಮ್ಮನವರ ಮುಂದೆ ಕಟ್ಟೆಯ ಮೇಲೆ ಇಡುತ್ತಾನೆ. ಅದು ತುಂಬಿದ್ದು ತುಂಬಿದ ಹಾಗೇ ಇದೆ.

"ಒಂದು ಹನಿ ಚೆಲ್ಲಿಲ್ಲ ನೋಡು. ಖರೇನ ಆತು" ಎನ್ನುತ್ತಾನೆ. ದೊಡ್ಡ ಗಂಡಸು ಮುಖಕ್ಕೆ ಟವೆಲ್ ಹಚ್ಚಿಕೊಳ್ಳುತ್ತಾನೆ.

ಸೂಗಮ್ಮ ಚಂಬಿನೊಳಗೆ ಬಗ್ಗಿ ನೋಡುತ್ತಾರೆ. ಅವತ್ತು ಹೊರಗಿಟ್ಟಿದ್ದ ಹುಣಸೆ ಬೀಜವನ್ನು ಸೆರಗಿನ ಗಂಟಿನಿಂದ ತೆಗೆದು ಡಬ್ಬಿಗೆ ಹಾಕುತ್ತಾರೆ. ಯಮನಮ್ಮ ತಾಯಪ್ಪನ ಕಡೆ ನೋಡುತ್ತಿಲ್ಲ. ಅವರ ಕಣ್ಣು ಗೆಳತಿಯ ಮೇಲೆ, ಅವಳ ಬಟ್ಟೆಯ ಚೀಲದ ಮೇಲೆ ನೆಟ್ಟಿದೆ. ಒಂಬತ್ತು ವರ್ಷ ಕೇಳಲಾಗದ ಮಾತು ತುಟಿಯ ತನಕ ಬಂದಿದೆ.

ಸೂಗಮ್ಮ ಆ ಮಾತಿಗೆ ಅವಕಾಶವನ್ನೇ ಕೊಡುವುದಿಲ್ಲ.

"ನನ್ನ ಯಾಕ ನೋಡ್ತಿ ಬೇ? ಹೊತ್ತು ಹುಟ್ಟಾಕತ್ತೈತಿ, ಮಂದಿ ಕುಂತಾರ. ಹೋಗು, ಕಾಲು ಹಾಕು."